ಫ್ಯಾನು ನಿಂತ ಮೇಲೆ: ಗಣಕಯಂತ್ರದ ಶಾಖವನ್ನು ನಿಭಾಯಿಸಿದ ಬಗೆಗಳ ಚರಿತ್ರೆ

ಗಣಕಯಂತ್ರಕ್ಕೆ ಒದಗಿಸಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ಮೋಟಾರಿನಲ್ಲಾದರೆ ಅದರ ದೊಡ್ಡ ಪಾಲು ನೀರೆತ್ತುವ, ಹಿಟ್ಟು ಬೀಸುವ ಕೆಲಸವಾಗಿ ಪರಿಣಮಿಸುತ್ತದೆ. ಗಣಕಯಂತ್ರದ ಕೂಡುವ, ಕಳೆಯುವ, ಹೋಲಿಸುವ ಕೆಲಸಕ್ಕೆ ಅಂಥ ಭೌತಿಕ ತೂಕವಿಲ್ಲವಾದ್ದರಿಂದ, ನೂರು ವಾಟ್ ಬಳಸುವ ಯಂತ್ರವು ತಾನಿರುವ ಕೋಣೆಯ ಮಟ್ಟಿಗೆ ನೂರು ವಾಟ್‌ನ ಹೀಟರೇ ಸರಿ. ಗಣಕಯಂತ್ರಗಳ ಇತಿಹಾಸವನ್ನು ಬರೆಯುವವರು ವೇಗದ ಬಗ್ಗೆ, ಸ್ಮೃತಿಯ ಬಗ್ಗೆ, ಭಾಷೆಗಳ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ. ಶಾಖವನ್ನು ಹೊರಸಾಗಿಸಿದ ಉಪಾಯಗಳಿಗೆ ಅಲ್ಲಿ ಸಿಗುವ ಜಾಗ ಕಿರಿದು, ಆ ಉಪಾಯ ಕೈಕೊಟ್ಟಾಗ ಏನಾಗಬೇಕೆಂದು ಮೊದಲೇ ಯೋಚಿಸಿದವರಿಗೆ ಸಿಗುವುದು ಅದಕ್ಕಿಂತ ಕಿರಿದು. ಆದರೆ ಕಳೆದ ಎಂಬತ್ತು ವರ್ಷಗಳ ಯಂತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಫ್ಯಾನು ನಿಲ್ಲುವ ಗಳಿಗೆಯ ಹೊಣೆಯನ್ನು ಒಂದೊಂದು ತಲೆಮಾರಿನ ವಿನ್ಯಾಸಕಾರರು ಒಂದೊಂದು ಕಡೆ ಹೊರಿಸಿದ್ದು ಕಾಣುತ್ತದೆ: ಒಮ್ಮೆ ಯಂತ್ರದ ಬಳಿ ನಿಂತ ಆಪರೇಟರನ ಮೇಲೆ, ಒಮ್ಮೆ ಯಂತ್ರವಿರುವ ಕೋಣೆಯ ಮೇಲೆ, ಕೊನೆಗೆ ಬಿಸಿಯಾಗುವ ಚಿಪ್ಪಿನ ಮೇಲೆಯೇ. ಯಂತ್ರವೊಂದರ ವಿನ್ಯಾಸದ ಗುಣ ಅದು ತಂಪಾಗಿರುವಾಗ ಅಷ್ಟಾಗಿ ತಿಳಿಯುವುದಿಲ್ಲ; ತಂಪು ತಪ್ಪಿದ ಮೊದಲ ಕೆಲವು ನಿಮಿಷಗಳಲ್ಲಿ ತಿಳಿಯುತ್ತದೆ.

ಚರಿತ್ರೆಗೆ ಮುನ್ನ ಭೌತವಿಜ್ಞಾನದ ಒಂದೆರಡು ಮಾತು ಅಗತ್ಯ. ಬಿಸಿಯಾದ ವಸ್ತುವಿನಿಂದ ಶಾಖವು ಹೊರಹೋಗುವುದು ಮೂರು ದಾರಿಗಳಲ್ಲಿ: ಒಂದಕ್ಕೊಂದು ತಗುಲಿದ ಘನವಸ್ತುಗಳ ಮೂಲಕ ಹರಿಯುವ ಉಷ್ಣವಹನ, ಗಾಳಿ ಅಥವಾ ನೀರು ಹೊತ್ತೊಯ್ಯುವ ಉಷ್ಣಸಂವಹನ, ಮತ್ತು ಯಾವ ಮಾಧ್ಯಮವನ್ನೂ ಬೇಡದ ವಿಕಿರಣ. ಚಿಪ್ಪಿನ ಮೇಲೆ ಕೂರಿಸುವ, ತೆಳುವಾದ ಲೋಹದ ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಅಥವಾ ತಾಮ್ರದ ತುಂಡಿಗೆ ಹೀಟ್ ಸಿಂಕ್ ಎಂದು ಹೆಸರು. ಚಿಪ್ಪಿನ ಉಗುರಗಲದ ಜಾಗದಿಂದ ಶಾಖವನ್ನು ಎಳೆದು, ಗಾಳಿಗೆ ತಾಗುವ ವಿಶಾಲವಾದ ಮೈಯ ಮೇಲೆ ಹರಡುವುದೇ ಅದರ ಕೆಲಸ. ಶಾಖದ ಹರಿವಿಗೆ ಈ ದಾರಿಯಲ್ಲಿರುವ ತಡೆಯನ್ನು ಎಂಜಿನಿಯರುಗಳು ಒಂದು ವಾಟ್‌ಗೆ ಇಷ್ಟು ಡಿಗ್ರಿ ಎಂದು ಅಳೆಯುತ್ತಾರೆ. ಉದಾಹರಣೆಗೆ, ಫ್ಯಾನು ತಿರುಗುತ್ತಿರುವಾಗ ತಡೆ ವಾಟ್‌ಗೆ ಅರ್ಧ ಡಿಗ್ರಿಯಾಗಿದ್ದರೆ, 60 ವಾಟ್‌ನ ಪ್ರೊಸೆಸರ್ ಸುತ್ತಲಿನ ಗಾಳಿಗಿಂತ 30 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗಿ, ಪೆಟ್ಟಿಗೆಯೊಳಗಿನ ಗಾಳಿ 35 ಡಿಗ್ರಿಯಿದ್ದರೆ 65ರಲ್ಲಿ ನೆಲೆನಿಲ್ಲುತ್ತದೆ. ಫ್ಯಾನು ನಿಂತು, ಬಿಸಿ ಗಾಳಿ ತಾನಾಗಿಯೇ ಮೇಲೇಳುವ ಸಹಜ ಸಂವಹನವಷ್ಟೇ ಉಳಿದಾಗ ಅದೇ ತಡೆ ನಾಲ್ಕು ಪಟ್ಟು ಏರಿತೆಂದರೆ, ಪ್ರೊಸೆಸರ್ 155 ಡಿಗ್ರಿಯತ್ತ ಸಾಗಬೇಕಾಗುತ್ತದೆ. ಸಿಲಿಕಾನ್ ಚಿಪ್ಪು ನೆಟ್ಟಗೆ ಕೆಲಸ ಮಾಡುವ ಮಿತಿ ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲಿರುವುದರಿಂದ, ಅದು ಅಷ್ಟು ದೂರ ಹೋಗುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ಆ 'ಏನಾದರೊಂದು' ಏನು ಎಂಬುದನ್ನು ಯಾರು, ಯಾವಾಗ ನಿರ್ಧರಿಸಿದರು ಎಂಬುದೇ ಈ ಚರಿತ್ರೆಯ ತಿರುಳು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲಿನಲ್ಲಿ ಕಟ್ಟಲಾಗಿ 1946ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಪರಿಚಯಿಸಲ್ಪಟ್ಟ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಮಿನುಗುತ್ತಿದ್ದ, ರೂಢಿಯಲ್ಲಿ ವಾಲ್ವ್ ಎಂದು ಕರೆಸಿಕೊಳ್ಳುತ್ತಿದ್ದ ಗಾಜಿನ ಕೊಳವೆಗಳೇ ಇವು. ಒಳಗಿನ ತಂತಿ ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲಿದರೆ ಮಾತ್ರ ಕೆಲಸ ಮಾಡುವುದರಿಂದ, ಇವುಗಳಲ್ಲಿ ಶಾಖವು ಅನಗತ್ಯ ಉಪೋತ್ಪನ್ನವಾಗಿರದೆ ಕಾರ್ಯವಿಧಾನದ ಭಾಗವೇ ಆಗಿತ್ತು. ಯಂತ್ರವು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಇಷ್ಟು ಶಾಖವನ್ನು ಹೊರಗಟ್ಟಲು ಬ್ಲೋವರುಗಳ ಮೂಲಕ ಗಾಳಿಯನ್ನು ನುಗ್ಗಿಸುವ ವ್ಯವಸ್ಥೆಯಿತ್ತು; ಅದಕ್ಕಿಂತ ಮುಖ್ಯವಾಗಿ, ಯಂತ್ರದ ಒಂದೊಂದು ಫಲಕಕ್ಕೂ ಒಂದೊಂದು ಥರ್ಮೋಸ್ಟಾಟ್, ಅಂದರೆ ನಿಗದಿತ ಉಷ್ಣತೆ ಮುಟ್ಟಿದೊಡನೆ ತಾನಾಗಿಯೇ ಸಂಪರ್ಕ ಬದಲಿಸುವ ಸ್ವಿಚ್ಚು, ಇತ್ತು. ಯಾವ ಫಲಕದೊಳಗಾದರೂ ಬಿಸಿ 115 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 46 ಡಿಗ್ರಿ ಸೆಲ್ಸಿಯಸ್ ದಾಟಿದರೆ ವಿದ್ಯುತ್ ಕಡಿದುಹೋಗುತ್ತಿತ್ತು.

ಈ ವಿವರ ಸಣ್ಣದಾದರೂ ತೂಕದ್ದು. ಎನಿಯಾಕ್‌ನ ಮುಖ್ಯ ಎಂಜಿನಿಯರ್ ಪ್ರೆಸ್ಪರ್ ಎಕರ್ಟ್ ನಳಿಕೆಗಳ ಆಯುಸ್ಸನ್ನು ಹೆಚ್ಚಿಸಲು ಅವುಗಳನ್ನು ಅವುಗಳ ಪೂರ್ಣ ಸಾಮರ್ಥ್ಯಕ್ಕಿಂತ ಬಹಳ ಕೆಳಗೆ ದುಡಿಸುವ ನಿಯಮವನ್ನು ಹಾಕಿಕೊಂಡಿದ್ದನು. ನಳಿಕೆಗಳು ಕೆಡುವುದು ಬಹುಮಟ್ಟಿಗೆ ಯಂತ್ರವನ್ನು ಆರಿಸಿ ಹೊತ್ತಿಸುವಾಗ, ತಣ್ಣಗಾದ ತಂತಿ ಮತ್ತೆ ಕಾಯುವ ಆಘಾತದಲ್ಲಿ ಎಂಬುದು ಗೊತ್ತಾದ ಮೇಲೆ ಯಂತ್ರವನ್ನು ಆದಷ್ಟು ಆರಿಸದೆ ಬಿಡುವ ರೂಢಿಯೂ ಬಂದಿತು. ಹೀಗಿರುವಾಗ, ಬಿಸಿ ಏರಿದರೆ ತಾನಾಗಿಯೇ ಆರುವಂತೆ ಮಾಡುವುದೆಂದರೆ, ಕೆಲವು ನಳಿಕೆಗಳನ್ನು ಬಲಿಕೊಟ್ಟಾದರೂ ಇಡೀ ಯಂತ್ರವನ್ನು ಉಳಿಸಿಕೊಳ್ಳುವ ತೀರ್ಮಾನವನ್ನು ವಿನ್ಯಾಸದ ಹಂತದಲ್ಲೇ ಕೈಗೊಂಡಂತೆ. ಐವತ್ತು ವರ್ಷಗಳ ಅನಂತರ ಮನೆ ಮನೆಗೂ ಬಂದ ಬಹಳಷ್ಟು ಯಂತ್ರಗಳಲ್ಲಿ ಇಷ್ಟು ಮುಂದಾಲೋಚನೆಯೂ ಇರಲಿಲ್ಲವೆಂಬುದು ಗಮನಾರ್ಹ.

1951ರಲ್ಲಿ ಹೊರಬಂದ ಯೂನಿವಾಕ್ ಯಂತ್ರವು ಸುಮಾರು 5,000 ನಳಿಕೆಗಳಿಗಾಗಿ ತಣಿಸಿದ ನೀರನ್ನೂ ಗಾಳಿಯನ್ನೂ ಒಟ್ಟಿಗೆ ಬಳಸಿಕೊಂಡಿತು. ಟ್ರಾನ್ಸಿಸ್ಟರು ಬಂದ ಮೇಲೆ ಶಾಖದ ತೊಂದರೆ ತೀರಿತೆಂದು ಕೆಲಕಾಲ ಭಾವಿಸಲಾಯಿತಾದರೂ ಅದು ತೀರಲಿಲ್ಲ, ರೂಪ ಬದಲಿಸಿತು ಅಷ್ಟೆ. ಮೊದಮೊದಲ ಟ್ರಾನ್ಸಿಸ್ಟರುಗಳ ಜರ್ಮೇನಿಯಂ ಬಿಸಿಯಾದಷ್ಟೂ ಹೆಚ್ಚು ವಿದ್ಯುತ್ತನ್ನು ಸೋರಿಸುತ್ತದೆ, ಸೋರಿಕೆ ಹೆಚ್ಚಿದಷ್ಟೂ ಮತ್ತಷ್ಟು ಬಿಸಿಯಾಗುತ್ತದೆ. ಈ ಸುಳಿಗೆ ಸಿಕ್ಕಿದ ಬಿಡಿಭಾಗ ಹೊರಗಿನ ನೆರವಿಲ್ಲದೆ ಚೇತರಿಸಿಕೊಳ್ಳಲಾರದು. ಸಿಲಿಕಾನ್ ಈ ವಿಷಯದಲ್ಲಿ ಹೆಚ್ಚು ಸಹನಶೀಲವಾದ್ದರಿಂದ ಅದು ಜರ್ಮೇನಿಯಂ ಅನ್ನು ಹಿಂದೆ ಹಾಕಿತು. ಆದರೆ ಅದೇ ಸಹನೆಯನ್ನು ನಂಬಿ ಎಂಜಿನಿಯರುಗಳು ಬಿಡಿಭಾಗಗಳನ್ನು ಇನ್ನಷ್ಟು ಒತ್ತೊತ್ತಾಗಿ ಜೋಡಿಸತೊಡಗಿದರು.

ಹೀಗೆ ಒತ್ತಾಗಿ ಜೋಡಿಸಿದವರಲ್ಲಿ ಅಗ್ರಗಣ್ಯನಾದ ಸೇಮೂರ್ ಕ್ರೇ 1964ರ ಸಿಡಿಸಿ 6600 ಯಂತ್ರದಲ್ಲಿ, ಫ್ರಿಜ್ಜುಗಳಲ್ಲಿ ಹರಿಯುವ ಫ್ರಿಯಾನ್ ದ್ರವವನ್ನೇ ಬಳಸಿದನು. ಆ ವ್ಯವಸ್ಥೆಯನ್ನು ರೂಪಿಸಿದ ಡೀನ್ ರೌಶ್ ಎಂಬ ಎಂಜಿನಿಯರ್ ಮುಂದೆ ಕ್ರೇ-1ರ ತಂಪುವ್ಯವಸ್ಥೆಯನ್ನೂ ರೂಪಿಸಿದನು. 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯವನ್ನು ಸೇರಿದ ಕ್ರೇ-1 ಸುಮಾರು 115 ಕಿಲೋವಾಟ್ ಬಳಸುತ್ತಿತ್ತು. ಅದರ ಮೊದಲ ಯಂತ್ರ ಆರು ತಿಂಗಳು ತಡವಾದುದಕ್ಕೆ ತಂಪುವ್ಯವಸ್ಥೆಯೇ ಕಾರಣ: ಕಂಪ್ರೆಸರಿಗೆ ಜಾರಿಕೆ ಕೊಡಲು ಫ್ರಿಯಾನಿಗೆ ಬೆರೆಸುವ ಎಣ್ಣೆ ಕೊಳವೆಯ ಬೆಸುಗೆಗಳಿಂದ ಜಿನುಗಿ, ಫಲಕಗಳ ಮೇಲೆ ಹರಡಿಕೊಂಡು ಶಾರ್ಟ್ ಸರ್ಕ್ಯೂಟ್ ಉಂಟುಮಾಡುತ್ತಿತ್ತು. 1985ರ ಕ್ರೇ-2 ಯಂತ್ರದಲ್ಲಂತೂ ಎಲೆಕ್ಟ್ರಾನಿಕ್ ಫಲಕಗಳನ್ನೆಲ್ಲ ವಿದ್ಯುತ್ ವಹಿಸದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಯೇ ಬಿಡಲಾಯಿತು. ಐಬಿಎಂ ಕಂಪನಿ 1980ರಲ್ಲಿ ಪ್ರಕಟಿಸಿದ 3081 ಯಂತ್ರವು ಮಧ್ಯಮಾರ್ಗ ಹಿಡಿದು, ಹೀಲಿಯಂ ತುಂಬಿದ ಮಾಡ್ಯೂಲಿನೊಳಗೆ ಪ್ರತಿ ಚಿಪ್ಪಿನ ಬೆನ್ನಿಗೂ ಸ್ಪ್ರಿಂಗ್ ಒತ್ತಿ ಹಿಡಿದ ಒಂದೊಂದು ಸಣ್ಣ ಲೋಹದ ಕಡ್ಡಿಯನ್ನು ತಾಗಿಸಿ, ಆ ಶಾಖವನ್ನು ನೀರಿಗೆ ದಾಟಿಸಿತು. 1990ರ ದಶಕದ ನಡುವೆ ಸೀಮಾಸ್ ಎಂಬ ಮಿತವ್ಯಯದ ಚಿಪ್ಪು ತಂತ್ರಜ್ಞಾನ ದೊಡ್ಡ ಯಂತ್ರಗಳಿಗೂ ಬಂದ ಮೇಲೆ ನೀರಿನ ಕೊಳವೆಗಳು ಮರೆಯಾಗಿ, ಫ್ಯಾನುಗಳು ಮತ್ತೆ ಅಧಿಕಾರಕ್ಕೆ ಬಂದವು.

ಭಾರತದಲ್ಲಿ ಈ ಹೊಣೆಯನ್ನು ಬಹುಕಾಲ ಹೊತ್ತದ್ದು ಕೋಣೆ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ನಡುವೆ ಬ್ರಿಟನ್ನಿನಿಂದ ಬಂದ ಎಚ್‌ಇಸಿ-2ಎಂ ಆಗಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಕಟ್ಟಿ 1960ರಲ್ಲಿ ಚಾಲನೆಗೆ ತಂದ ಟಿಫ್ರಾಕ್ ಆಗಲಿ ನಳಿಕೆಯ ಯಂತ್ರಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರ ಆರಂಭವಾದಾಗ ಬಂದ ಐಬಿಎಂ 360/44 ಟ್ರಾನ್ಸಿಸ್ಟರಿನ ಕಾಲಕ್ಕೆ ಸೇರಿದ್ದು. ಯಂತ್ರ ಯಾವುದಾದರೂ, ಹವಾನಿಯಂತ್ರಿತ ಕೋಣೆ, ಕೇಬಲ್ಲುಗಳೂ ತಣ್ಣನೆಯ ಗಾಳಿಯೂ ಅಡಿಯಲ್ಲಿ ಹರಿಯುವಂತೆ ಎತ್ತರಿಸಿ ಹಾಸಿದ ಹುಸಿನೆಲ, ಬಿಗಿಯಾಗಿ ಮುಚ್ಚಿದ ಕಿಟಕಿ, ಇವು ಗಣಕ ಕೇಂದ್ರದ ಲಕ್ಷಣಗಳಾದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೋಗುವ ರೂಢಿ 1980 ಮತ್ತು 1990ರ ದಶಕಗಳ ಶಾಲೆ, ಕಾಲೇಜು, ಬ್ಯಾಂಕುಗಳಿಗೂ ಹಬ್ಬಿತು. ಧೂಳಿಗೆ ಅಂಜಿ ಹುಟ್ಟಿದ ನಿಯಮವಿದು. ಕಾಲಕ್ರಮದಲ್ಲಿ ಭಕ್ತಿಯ ನಿಯಮವೂ ಆಯಿತೆಂದರೆ ತಪ್ಪಾಗಲಾರದು. ಕೋಣೆಯ ಮೇಲೆ ಹೊಣೆ ಹೊರಿಸಿದ ಈ ಪದ್ಧತಿಯ ದೌರ್ಬಲ್ಯ ಕರೆಂಟು ಹೋದಾಗ ಬಯಲಾಗುತ್ತಿತ್ತು. ಯಂತ್ರಕ್ಕೆ ಯುಪಿಎಸ್, ಅಂದರೆ ಬ್ಯಾಟರಿಯಿಂದ ತಡೆಯಿಲ್ಲದೆ ವಿದ್ಯುತ್ ಕೊಡುವ ಉಪಕರಣ, ಇರುತ್ತಿತ್ತು, ಹವಾನಿಯಂತ್ರಕಕ್ಕೆ ಇರುತ್ತಿರಲಿಲ್ಲ. ಯಂತ್ರ ನಡೆಯುತ್ತಲೇ ಇದ್ದು ಕೋಣೆ ಮಾತ್ರ ಕಾಯುತ್ತ ಹೋದಾಗ, ಬಾಗಿಲು ತೆರೆದಿಟ್ಟು ಪೆಡೆಸ್ಟಲ್ ಫ್ಯಾನು ತಂದು ನಿಲ್ಲಿಸುವುದೊಂದೇ ಉಳಿಯುತ್ತಿದ್ದ ದಾರಿ.

ಇದಕ್ಕೆ ವಿರುದ್ಧವಾದ ದಾರಿಯನ್ನು ತೋರಿಸಿಕೊಟ್ಟದ್ದು ಕರ್ನಾಟಕದ ಕಿತ್ತೂರಿನಲ್ಲಿ ಮೊದಲು ಸ್ಥಾಪನೆಯಾದ ಒಂದು ದೂರವಾಣಿ ಎಕ್ಸ್‌ಚೇಂಜ್. 1984ರ ಆಗಸ್ಟಿನಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಕೇಂದ್ರ ಸರ್ಕಾರದ ದೂರಸಂಪರ್ಕ ಅಭಿವೃದ್ಧಿ ಸಂಸ್ಥೆಗೆ 36 ತಿಂಗಳ ಅವಧಿಯನ್ನೂ 36 ಕೋಟಿ ರೂಪಾಯಿಯನ್ನೂ ಕೊಟ್ಟು ದೇಶೀಯ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸಲು ಹೇಳಲಾಗಿತ್ತು. ಸ್ಯಾಮ್ ಪಿತ್ರೋಡಾ ಅದರ ಮುಂದಾಳು, ಜಿ. ಬಿ. ಮೀಮಾಂಸಿ ಅದರ ಹಿರಿಯ ನಿರ್ವಾಹಕರಲ್ಲಿ ಒಬ್ಬರು. ಡಿಜಿಟಲ್ ಎಕ್ಸ್‌ಚೇಂಜ್ ಎಂದರೆ ವಾಸ್ತವವಾಗಿ ಕರೆಗಳನ್ನು ಜೋಡಿಸುವ ಕೆಲಸಕ್ಕೆ ಮೀಸಲಾದ ಗಣಕಯಂತ್ರ. ಅಂದಿನ ವಿದೇಶೀ ಎಕ್ಸ್‌ಚೇಂಜುಗಳು ಸಾವಿರಾರು ಸಂಪರ್ಕಗಳ ನಗರಗಳಿಗಾಗಿ ರೂಪಗೊಂಡಿದ್ದು, ಹವಾನಿಯಂತ್ರಿತ ಕಟ್ಟಡವನ್ನು ಬಯಸುತ್ತಿದ್ದವು. ದಿನಕ್ಕೆ ಎಷ್ಟು ಗಂಟೆ ಕರೆಂಟು ಇರುತ್ತದೆಂದೇ ಹೇಳಲಾಗದ ಹಳ್ಳಿಗೆ ಹವಾನಿಯಂತ್ರಣವೆಂಬುದು ನಿಂತುಹೋಗಬಹುದಾದ ವ್ಯವಸ್ಥೆಯಲ್ಲ, ಇಲ್ಲವೇ ಇಲ್ಲದ ವ್ಯವಸ್ಥೆ.

ಸಿ-ಡಾಟ್‌ನ ಎಂಜಿನಿಯರುಗಳು ಈ ಕೊರತೆಯನ್ನು ಆರಂಭದ ಅಂಶವಾಗಿ ಒಪ್ಪಿಕೊಂಡು ವಿನ್ಯಾಸ ಮಾಡಿದರು. ಕಡಿಮೆ ವಿದ್ಯುತ್ತಿನ ಮೈಕ್ರೊಪ್ರೊಸೆಸರುಗಳನ್ನು ಆರಿಸಿಕೊಂಡು, ಅದರಿಂದ ಕೆಲಸ ತುಸು ನಿಧಾನವಾಗುವುದನ್ನು ಸಹಿಸಿಕೊಂಡರು. ಬಿಡಿಭಾಗಗಳನ್ನು ಒತ್ತೊತ್ತಾಗಿ ಕೂರಿಸದೆ ಗಾಳಿಯಾಡುವಂತೆ ದೂರ ದೂರ ಹರಡಿದರು. ಧೂಳು ನುಗ್ಗದಂತೆ ಪೆಟ್ಟಿಗೆಯನ್ನು ಮುಚ್ಚಿಬಿಟ್ಟು, ಆದರೆ ಅದನ್ನು ಅಗತ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಮಾಡಿ, ಒಳಗಿನ ಬಿಸಿ ಗಾಳಿ ತಾನಾಗಿಯೇ ಮೇಲೆದ್ದು ಲೋಹದ ಮುಚ್ಚಳಕ್ಕೆ ತಾಗಿ ಶಾಖವನ್ನು ಹೊರಗೆ ಬಿಡುವಂತೆ ಮಾಡಿದರು. ಸುಮಾರು ಮೂರಡಿ, ಎರಡಡಿ, ಮೂರಡಿ ಅಳತೆಯ, ಎಂಟು ಸಾವಿರ ಡಾಲರ್ ಆಸುಪಾಸಿನ ವೆಚ್ಚದ ಲೋಹದ ಪೆಟ್ಟಿಗೆಯಾಗಿ ಹೊರಬಂದ ಈ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್, 128 ಪೋರ್ಟುಗಳ ಅದರ ಮೊದಲ ಮಾದರಿ, 1986ರ ಜುಲೈಯಲ್ಲಿ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ಫ್ಯಾನು ಕೆಟ್ಟರೆ ಏನು ಮಾಡಬೇಕೆಂಬ ಪ್ರಶ್ನೆಯೇ ಏಳದಂತೆ ಮಾಡಿದ ಈ ವಿನ್ಯಾಸಕ್ಕೆ, ಫ್ರಿಯಾನಿನ ಮತ್ತು ಫ್ಲೋರಿನರ್ಟಿನ ಯಂತ್ರಗಳಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಷ್ಟು ಪುಟಗಳು ಸಿಕ್ಕಿಲ್ಲ, ಸಿಗಬೇಕಾಗಿತ್ತು. ಅದೇ ವರ್ಷ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಸಾಮಾನ್ಯ ಮೈಕ್ರೊಪ್ರೊಸೆಸರುಗಳನ್ನೇ ಸಮಾಂತರವಾಗಿ ಜೋಡಿಸಿ ಕಟ್ಟಿದ ಫ್ಲೋಸಾಲ್ವರ್ ಎಂಬ ಗಣಕಯಂತ್ರ ಕೂಡ, ಬೇರೆಯ ಉದ್ದೇಶದಿಂದಲೇ ಆದರೂ, ಒಂದೇ ಕಡೆ ಶಾಖವನ್ನು ಒತ್ತರಿಸದೆ ಹಂಚುವ ಮಾರ್ಗದಲ್ಲಿಯೇ ನಡೆಯಿತು.

ಮನೆಯ ಮೇಜಿಗೆ ಬಂದ ಗಣಕಯಂತ್ರಗಳೂ ಮೊದಲು ಫ್ಯಾನಿಲ್ಲದವೇ ಆಗಿದ್ದವು. 1977ರ ಆಪಲ್-2ರಲ್ಲಿ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಸ್ವಿಚಿಂಗ್ ಪವರ್ ಸಪ್ಲೈ, ಅಂದರೆ ವಿದ್ಯುತ್ತನ್ನು ಅತಿವೇಗವಾಗಿ ಕಡಿದು ಜೋಡಿಸಿ ಬೇಕಾದ ವೋಲ್ಟೇಜಿಗೆ ಇಳಿಸುವ ಸಾಧನವನ್ನು ಅಳವಡಿಸಿ, ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಸಾಧನಗಳು ವ್ಯರ್ಥವಾಗಿ ಹೊಮ್ಮಿಸುತ್ತಿದ್ದ ಶಾಖವನ್ನು ಬಹುಪಾಲು ತಗ್ಗಿಸಿದನು. ಆದರೂ ವಿಸ್ತರಣೆಯ ಕಾರ್ಡುಗಳನ್ನು ತುಂಬಿದಾಗ ಯಂತ್ರ ಬಿಸಿಯಾಗುತ್ತಿದ್ದುದರಿಂದ, ಪಕ್ಕಕ್ಕೆ ಸಿಕ್ಕಿಸುವ ಫ್ಯಾನುಗಳನ್ನು ಬೇರೆ ಕಂಪನಿಗಳು ಮಾರಿ ಹಣ ಮಾಡಿದವು. 1980ರ ಆಪಲ್-3ರಲ್ಲೂ ಸದ್ದಿರಬಾರದೆಂದು ಫ್ಯಾನನ್ನು ಕೈಬಿಟ್ಟು ಅಲ್ಯೂಮಿನಿಯಂ ತಳವನ್ನೇ ಹೀಟ್ ಸಿಂಕ್ ಆಗಿ ಬಳಸಲಾಯಿತು. ಬಿಸಿಗೆ ಹಿಗ್ಗಿ ಆರಿದಾಗ ಕುಗ್ಗಿ ಚಿಪ್ಪುಗಳು ಸಾಕೆಟ್ಟಿನಿಂದ ಮೇಲೇಳುತ್ತಿದ್ದವೆಂಬ ವಿವರಣೆಯೂ, ಯಂತ್ರವನ್ನು ಎರಡು ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಬೀಳಿಸಿದರೆ ಅವು ಮತ್ತೆ ಕೂರುತ್ತವೆಂಬ ಸಲಹೆಯೂ ಆ ಯಂತ್ರದ ಹೆಸರಿನೊಡನೆ ಉಳಿದುಕೊಂಡಿವೆ. ಕಿತ್ತೂರಿನ ಪೆಟ್ಟಿಗೆಯೂ ಆಪಲ್-3ರ ಪೆಟ್ಟಿಗೆಯೂ ಫ್ಯಾನಿಲ್ಲದವೇ; ಒಂದರಲ್ಲಿ ಪೆಟ್ಟಿಗೆಯ ಗಾತ್ರವನ್ನು ಶಾಖ ನಿರ್ಧರಿಸಿತು, ಇನ್ನೊಂದರಲ್ಲಿ ನಿರ್ಧರಿಸಿದ್ದು ಅಂದಚೆಂದ. 1981ರ ಐಬಿಎಂ ಪಿಸಿ ಈ ಚರ್ಚೆಗೆ ಹೋಗದೆ ತನ್ನ 63.5 ವಾಟ್‌ನ ಪವರ್ ಸಪ್ಲೈಯೊಳಗೆ ಒಂದು ಫ್ಯಾನು ಕೂರಿಸಿಬಿಟ್ಟಿತು, ಮುಂದಿನ ಪಿಸಿಗಳೆಲ್ಲ ಅದನ್ನೇ ಅನುಸರಿಸಿದವು.

ಪ್ರೊಸೆಸರಿನ ತಲೆಯ ಮೇಲೆಯೇ ಫ್ಯಾನು ಕೂರುವುದು ಸಾಮಾನ್ಯವಾದದ್ದು 1993ರ ಪೆಂಟಿಯಂನಿಂದ ಈಚೆಗೆ; 66 ಮೆಗಾಹರ್ಟ್ಸ್‌ನ ಮೊದಲ ಪೆಂಟಿಯಂ ಸುಮಾರು 16 ವಾಟ್ ಶಾಖವನ್ನು ಹೊರಬಿಡುತ್ತಿತ್ತು. ಹತ್ತು ಹನ್ನೊಂದು ವರ್ಷಗಳಲ್ಲಿ ಪ್ರೊಸೆಸರಿನ ಶಾಖ ನೂರು ವಾಟ್ ದಾಟಿತು. ಹೀಗೆ ಲಕ್ಷಾಂತರ ರೂಪಾಯಿಯ ಕೆಲಸವನ್ನು ನಡೆಸುವ ಯಂತ್ರದ ಪ್ರಾಣವು ನೂರಿನ್ನೂರು ರೂಪಾಯಿಯ ಫ್ಯಾನಿನ ಬೇರಿಂಗಿನ ಮೇಲೆ ನಿಂತಿತು. ಅಗ್ಗದ ಫ್ಯಾನುಗಳಲ್ಲಿರುವುದು ಸ್ಲೀವ್ ಬೇರಿಂಗ್. ಎಣ್ಣೆ ಹೀರಿದ, ಸೂಕ್ಷ್ಮ ರಂಧ್ರಗಳುಳ್ಳ ಕಂಚಿನ ಬಳೆಯೊಳಗೆ ದಂಡವು ತಿರುಗುತ್ತದೆ. ಬಿಸಿಗೆ ಆ ಎಣ್ಣೆ ನಿಧಾನವಾಗಿ ಆರಿ, ಧೂಳಿನೊಡನೆ ಸೇರಿ ಮೇಣದಂತಾಗುತ್ತದೆ. ಮೊದಲು ಬೆಳಗಿನ ಹೊತ್ತು ಗರಗರ ಸದ್ದು, ಆಮೇಲೆ ತಡೆದು ತಡೆದು ತಿರುಗುವುದು, ಕಡೆಗೆ ನಿಲ್ಲುವುದು. ಅಂದರೆ ಶಾಖವನ್ನು ಹೊರಗಟ್ಟುವ ಸಾಧನವೇ ಶಾಖದಿಂದ ಸಾಯುತ್ತದೆ. ರಿಪೇರಿ ಅಂಗಡಿಗಳಲ್ಲಿ ಫ್ಯಾನಿನ ನಡುವಿನ ಸ್ಟಿಕ್ಕರನ್ನು ಬಿಡಿಸಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುವ ಚಿಕಿತ್ಸೆ ರೂಢಿಯಲ್ಲಿತ್ತು. ಅದರಿಂದ ಕೆಲವು ತಿಂಗಳು ಸಿಗುತ್ತಿದ್ದವು, ಹೊಸ ಆಯುಸ್ಸು ಸಿಗುತ್ತಿರಲಿಲ್ಲ. ಬಾಲ್ ಬೇರಿಂಗಿನ ಫ್ಯಾನುಗಳು ಹೆಚ್ಚು ಬಾಳುತ್ತವಾದರೂ ಹೆಚ್ಚು ಸದ್ದು ಮಾಡುತ್ತವೆ. ತಯಾರಕರು ಆಯುಸ್ಸನ್ನು ನಮೂದಿಸುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ: ಸಾಮಾನ್ಯವಾಗಿ ಬಳಸುವ ಅಳತೆ, ನೂರು ಫ್ಯಾನುಗಳಲ್ಲಿ ಹತ್ತು ಕೆಡುವವರೆಗಿನ ಅವಧಿ, ಆ ಹತ್ತರಲ್ಲಿ ಒಂದು ಯಾರ ಯಂತ್ರದಲ್ಲಿದೆ ಎಂಬುದನ್ನು ಯಾವ ಅಂಕಿಯೂ ಹೇಳದು.

ಫ್ಯಾನು ನಿಂತದ್ದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಬಹುಕಾಲ ತಿಳಿಯುತ್ತಲೇ ಇರಲಿಲ್ಲ. ಎರಡು ತಂತಿಯ ಫ್ಯಾನಿಗೆ ವಿದ್ಯುತ್ತು ಹೋಗುತ್ತಿತ್ತೇ ವಿನಾ ಸುದ್ದಿ ಬರುತ್ತಿರಲಿಲ್ಲ. ಮೂರನೆಯ ತಂತಿ ಬಂದ ಮೇಲೆ, ಒಂದು ಸುತ್ತಿಗೆ ಎರಡು ಸ್ಪಂದನಗಳಂತೆ ಕಳಿಸಿ ಫ್ಯಾನು ತನ್ನ ವೇಗವನ್ನು ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ತಿಳಿಸತೊಡಗಿತು. ನಾಲ್ಕನೆಯ ತಂತಿಯಿಂದ ಮದರ್‌ಬೋರ್ಡು ಫ್ಯಾನಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವುದು ಸಾಧ್ಯವಾಯಿತು. ಯಂತ್ರ ಹೊತ್ತಿಸಿದಾಗ ಕಪ್ಪು ಪರದೆಯ ಮೇಲೆ ಪ್ರೊಸೆಸರ್ ಫ್ಯಾನಿನ ದೋಷವನ್ನು ಸಾರಿ, ಮುಂದುವರಿಯಲು ಎಫ್-1 ಒತ್ತಬೇಕೆಂದು ಕೇಳುವ ಸಂದೇಶ ಈ ಮೂರನೆಯ ತಂತಿಯ ಫಲ. ಆ ಸಂದೇಶಕ್ಕೆ ಯೋಚಿಸದೆ ಎಫ್-1 ಒತ್ತುವವರೇ ಹೆಚ್ಚು ಎಂಬುದು ಬೇರೆ ಮಾತು.

ಹೊಣೆಯು ಚಿಪ್ಪಿಗೇ ವರ್ಗವಾದುದನ್ನು ಜನಸಾಮಾನ್ಯರು ಕಣ್ಣಾರೆ ಕಂಡದ್ದು 2001ರ ಸೆಪ್ಟೆಂಬರಿನಲ್ಲಿ. ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣದವರು, ನಡೆಯುತ್ತಿರುವ ಯಂತ್ರಗಳ ಪ್ರೊಸೆಸರಿನಿಂದ ಹೀಟ್ ಸಿಂಕನ್ನೇ ಕಿತ್ತು, ಏನಾಗುತ್ತದೆಂದು ಚಿತ್ರೀಕರಿಸಿದರು. ಪೆಂಟಿಯಂ-4 ತನ್ನ ವೇಗವನ್ನು ತಗ್ಗಿಸಿಕೊಂಡು ಕುಂಟುತ್ತಲೇ ಕೆಲಸ ಮುಂದುವರಿಸಿತು. ಪೆಂಟಿಯಂ-3 ಸ್ತಬ್ಧವಾಯಿತಾದರೂ ಹಾಳಾಗಲಿಲ್ಲ. ಎಎಂಡಿ ಕಂಪನಿಯ ಆಥ್ಲಾನ್ ಹೊಗೆಯೆದ್ದು ಸುಟ್ಟುಹೋಯಿತು. ಹೀಟ್ ಸಿಂಕೇ ಕಳಚಿ ಬೀಳುವುದು ಫ್ಯಾನು ನಿಲ್ಲುವುದಕ್ಕಿಂತ ಬಹಳ ಕ್ರೂರವಾದ ಪರೀಕ್ಷೆಯೆಂಬುದು ನಿಜ. ಫ್ಯಾನು ನಿಂತಾಗ ಲೋಹದ ತುಂಡು ಒಂದಿಷ್ಟು ಹೊತ್ತು ಶಾಖವನ್ನು ಹೀರಿಕೊಂಡು ಕಾಲಾವಕಾಶ ಕೊಡುತ್ತದೆ. ಅದೇ ಇಲ್ಲವಾದಾಗ ಉಳಿಯುವುದು ಕ್ಷಣಗಳು ಮಾತ್ರ. ಆದರೂ ಆ ಪರೀಕ್ಷೆ ತನ್ನ ಕೆಲಸ ಮಾಡಿತು. ಬಿಸಿಯನ್ನು ಚಿಪ್ಪಿನೊಳಗೇ ಅಳೆದು ಮೊದಲು ವೇಗ ತಗ್ಗಿಸುವುದು, ಅದೂ ಸಾಲದಿದ್ದರೆ ತಾನಾಗಿಯೇ ವಿದ್ಯುತ್ ಕಡಿಯಲು ಸಂಜ್ಞೆ ಕೊಡುವುದು ಈಗ ಎಲ್ಲ ಮುಖ್ಯ ಪ್ರೊಸೆಸರುಗಳ ಗುಣ. ಪೆಂಟಿಯಂ-4ರಲ್ಲಿ ಆ ಕೊನೆಯ ಗಡಿ ಸುಮಾರು 135 ಡಿಗ್ರಿಯಾಗಿತ್ತು. ಇದರ ಒಂದು ವಿಪರೀತ ಪರಿಣಾಮವೂ ಉಂಟು: ಇಂದಿನ ಯಂತ್ರದಲ್ಲಿ ಫ್ಯಾನು ಸೋತರೆ ಯಂತ್ರ ನಿಲ್ಲದೆ ಬರಿಯ ನಿಧಾನವಾಗುತ್ತದೆ, ಬಳಕೆದಾರರು ಅದನ್ನು ವೈರಸ್ಸಿನ ಅಥವಾ ಹಳತಾದ ಯಂತ್ರದ ಲಕ್ಷಣವೆಂದು ಭಾವಿಸಿ ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತಾರೆ.

ಸರ್ವರುಗಳಲ್ಲಿ, ಅಂದರೆ ಅನೇಕ ಬಳಕೆದಾರರಿಗೆ ಒಟ್ಟಿಗೆ ಸೇವೆ ಕೊಡುವ ಯಂತ್ರಗಳಲ್ಲಿ, ಉತ್ತರವನ್ನು ಹುಡುಕಿದ್ದು ಸಂಖ್ಯೆಯಲ್ಲಿ. ಅಗತ್ಯಕ್ಕಿಂತ ಒಂದು ಫ್ಯಾನು ಹೆಚ್ಚಿಗೆ ಇಟ್ಟು, ಒಂದು ನಿಂತಾಗ ಉಳಿದವು ವೇಗ ಹೆಚ್ಚಿಸಿಕೊಳ್ಳುವಂತೆ, ನಿಂತದ್ದನ್ನು ಯಂತ್ರ ಆರಿಸದೆಯೇ ಎಳೆದು ತೆಗೆದು ಬೇರೆ ಹಾಕುವಂತೆ ಮಾಡಲಾಯಿತು. ಫ್ಯಾನಿನ ಗಾಳಿ ವೇಗಕ್ಕೆ ಸಮವಾಗಿ ಹೆಚ್ಚುತ್ತದೆ, ಅದು ಬಳಸುವ ವಿದ್ಯುತ್ತು ಮಾತ್ರ ವೇಗದ ಘನಕ್ಕೆ ಸಮವಾಗಿ ಹೆಚ್ಚುತ್ತದೆ. ಆರು ಫ್ಯಾನುಗಳಲ್ಲಿ ಒಂದು ನಿಂತರೆ ಉಳಿದ ಐದು ಶೇಕಡಾ 20ರಷ್ಟು ವೇಗ ಹೆಚ್ಚಿಸಿಕೊಳ್ಳಬೇಕು, ಅದಕ್ಕಾಗಿ ಪ್ರತಿಯೊಂದೂ ಶೇಕಡಾ 73ರಷ್ಟು ಹೆಚ್ಚು ವಿದ್ಯುತ್ತನ್ನು ಬಳಸಬೇಕು. ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ನಿಂತ ಫ್ಯಾನು ತೆರೆದ ಕಿಂಡಿಯಾಗುತ್ತದೆ. ಪಕ್ಕದ ಫ್ಯಾನುಗಳು ಮುಂದೆ ತಳ್ಳಿದ ಗಾಳಿ ಆ ಕಿಂಡಿಯಿಂದ ಹಿಂದಕ್ಕೆ ನುಸುಳಿ, ಅದೇ ಗಾಳಿ ಅಲ್ಲಲ್ಲೇ ಸುತ್ತತೊಡಗುತ್ತದೆ. ಇದನ್ನು ತಡೆಯಲು ಕೆಲವು ವಿನ್ಯಾಸಗಳಲ್ಲಿ ಗಾಳಿಯ ಒತ್ತಡಕ್ಕೆ ತೆರೆದು, ಫ್ಯಾನು ನಿಂತೊಡನೆ ಮುಚ್ಚಿಕೊಳ್ಳುವ ಹಗುರವಾದ ಪಟ್ಟಿಗಳನ್ನು ಅಳವಡಿಸುತ್ತಾರೆ. ಸರ್ವರಿನ ಮುಚ್ಚಳ ತೆರೆದು ಮುಂದೆ ಟೇಬಲ್ ಫ್ಯಾನು ಇಡುವುದು ಏಕೆ ಹಾನಿಕರ ಎಂಬುದಕ್ಕೂ ಇದೇ ವಿವರಣೆ: ಅಲ್ಲಿ ಗಾಳಿಯ ದಾರಿಯನ್ನು ಮುಚ್ಚಳವೇ ರೂಪಿಸುತ್ತದೆ, ಮುಚ್ಚಳ ತೆಗೆದರೆ ಗಾಳಿ ಚಿಪ್ಪನ್ನು ಬಿಟ್ಟು ಸುಲಭವಾದ ದಾರಿ ಹಿಡಿಯುತ್ತದೆ. ಮನೆಯ ಪಿಸಿಗೆ ಮಾತ್ರ, ಕಡತಗಳನ್ನು ನಕಲು ಮಾಡಿಕೊಂಡು ಯಂತ್ರ ಆರಿಸುವವರೆಗಿನ ತಾತ್ಕಾಲಿಕ ಉಪಾಯವಾಗಿ, ಅದು ಒದಗಿಬಂದದ್ದುಂಟು.

ಕೋಣೆ ಎಷ್ಟು ತಂಪಾಗಿರಬೇಕೆಂಬ ಬಗೆಗೂ ನಂಬಿಕೆಗಳು ಸಡಿಲವಾದವು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬಿಡಿಭಾಗದ ಆಯುಸ್ಸು ಅರ್ಧವಾಗುತ್ತದೆಂಬ, ರಸಾಯನವಿಜ್ಞಾನಿ ಅರೇನಿಯಸ್‌ನ ಸಮೀಕರಣದಿಂದ ಬಂದ ಸರಳ ಸೂತ್ರ ದಶಕಗಳ ಕಾಲ ಎಲ್ಲಕ್ಕೂ ಅನ್ವಯವಾಗುತ್ತಿತ್ತು. ಕೆಪಾಸಿಟರಿನಂಥ ಭಾಗಗಳಿಗೆ ಅದು ಇಂದಿಗೂ ಸರಿಯೇ. ಆದರೆ 2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳ ದಾಖಲೆ ಪರಿಶೀಲಿಸಿ, ತೀರ ಹೆಚ್ಚಿನ ಬಿಸಿಯನ್ನು ಬಿಟ್ಟರೆ ಉಷ್ಣತೆಗೂ ಡಿಸ್ಕು ಕೆಡುವುದಕ್ಕೂ ನಿರೀಕ್ಷಿಸಿದಷ್ಟು ನಂಟಿಲ್ಲವೆಂದು ತೋರಿಸಿದರು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೆ 2004ರಲ್ಲಿ 20ರಿಂದ 25 ಡಿಗ್ರಿ ಎಂದು ಕೊಟ್ಟಿದ್ದ ಶಿಫಾರಸನ್ನು 2008ರಲ್ಲಿ 18ರಿಂದ 27ಕ್ಕೆ ಹಿಗ್ಗಿಸಿತು. ಇದರಿಂದ ವಿದ್ಯುತ್ ಉಳಿಯಿತು. ಆದರೆ ಕೋಣೆ ಬೆಚ್ಚಗಿದ್ದಷ್ಟೂ ತಂಪುವ್ಯವಸ್ಥೆ ನಿಂತಾಗ ಅಪಾಯದ ಗಡಿ ಹತ್ತಿರವಿರುತ್ತದೆಂಬ ಸರಳ ಸತ್ಯ ಹಲವು ಕಡೆ ಲೆಕ್ಕಕ್ಕೆ ಬರಲಿಲ್ಲವೆಂದು ತೋರುತ್ತದೆ.

ಇಂದು ಫ್ಯಾನು ಕೆಡುವುದರ ದೊಡ್ಡ ರೂಪವೆಂದರೆ, ಸರ್ವರುಗಳನ್ನು ಒಟ್ಟಿಗಿಟ್ಟ ಇಡೀ ಡೇಟಾ ಸೆಂಟರಿನ ತಂಪುವ್ಯವಸ್ಥೆ ನಿಲ್ಲುವುದು. 2022ರ ಜುಲೈ 19ರಂದು ಬ್ರಿಟನ್ನಿನ ಉಷ್ಣತೆ ಮೊದಲ ಬಾರಿಗೆ 40 ಡಿಗ್ರಿ ದಾಟಿದಾಗ ಲಂಡನ್ನಿನಲ್ಲಿ ಗೂಗಲ್ ಮತ್ತು ಒರಾಕಲ್ ಕಂಪನಿಗಳ ಕೇಂದ್ರಗಳಲ್ಲಿ ತಂಪುವ್ಯವಸ್ಥೆ ಸೋತು, ಯಂತ್ರಗಳನ್ನು ಉಳಿಸಲು ಅವುಗಳ ಒಂದು ಭಾಗವನ್ನು ಆರಿಸಬೇಕಾಯಿತು. ಕಲಬುರಗಿ, ರಾಯಚೂರುಗಳ ಬೇಸಗೆಯನ್ನು ಬಲ್ಲವರಿಗೆ 40 ಡಿಗ್ರಿ ದೊಡ್ಡ ಸಂಖ್ಯೆಯಾಗಿ ಕಾಣದಿರಬಹುದು. ಆದರೆ ಯಂತ್ರ ಸೋಲುವುದು ಬಿಸಿಯ ಪ್ರಮಾಣದಿಂದಲ್ಲ, ತಾನು ರೂಪುಗೊಂಡ ಮಿತಿಯನ್ನು ಆ ಬಿಸಿ ದಾಟುವುದರಿಂದ. 2023ರ ಅಕ್ಟೋಬರ್ 14ರಂದು ಸಿಂಗಪುರದ ಡೇಟಾ ಸೆಂಟರ್ ಒಂದರಲ್ಲಿ, ಗುತ್ತಿಗೆದಾರರು ತಪ್ಪಾಗಿ ಕಳಿಸಿದ ಸಂಕೇತದಿಂದ ತಣ್ಣೀರಿನ ತೊಟ್ಟಿಗಳ ಕವಾಟಗಳು ಮುಚ್ಚಿಕೊಂಡು, ಎರಡು ಬ್ಯಾಂಕುಗಳ ಸುಮಾರು 25 ಲಕ್ಷ ವ್ಯವಹಾರಗಳು ಕೈಗೂಡಲಿಲ್ಲ. ಅಲ್ಲಿ ಬಿಸಿಲೂ ಕಾರಣವಲ್ಲ, ಬೇರಿಂಗೂ ಕಾರಣವಲ್ಲ.

ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆ ಬಳಸುವ ಯಂತ್ರಗಳ ಶಾಖ ಗಾಳಿಯ ಕೈಮೀರಿರುವುದರಿಂದ, 1990ರ ದಶಕದಲ್ಲಿ ಮರೆಯಾಗಿದ್ದ ನೀರಿನ ಕೊಳವೆಗಳು ಮತ್ತೆ ಬಂದಿವೆ. ಜರ್ಮನಿಯ ಮ್ಯೂನಿಕ್ ಬಳಿಯ ಗಾರ್ಶಿಂಗ್‌ನಲ್ಲಿ 2012ರಲ್ಲಿ ಕೆಲಸಕ್ಕೆ ತೊಡಗಿದ ಸೂಪರ್‌ಮ್ಯೂಕ್ ಯಂತ್ರವು ತಣಿಸದ, 45 ಡಿಗ್ರಿಯವರೆಗಿನ ಬಿಸಿ ನೀರನ್ನೇ ಹರಿಸಿ ಚಿಪ್ಪುಗಳನ್ನು ಕಾಪಾಡಿತು, ಹೊರಬಂದ ಶಾಖದಿಂದ ಕಟ್ಟಡಗಳನ್ನು ಬೆಚ್ಚಗಿಟ್ಟಿತು. 2022ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಬಂದ ಫ್ರಂಟಿಯರ್ ಯಂತ್ರದ ಗಣನೆಯ ಕಪಾಟುಗಳಲ್ಲಿ ಫ್ಯಾನುಗಳೇ ಇಲ್ಲ; ಸುಮಾರು 32 ಡಿಗ್ರಿಯ ನೀರನ್ನು ನಿಮಿಷಕ್ಕೆ 6,000 ಗ್ಯಾಲನ್‌ಗಳಂತೆ ಪಂಪುಗಳು ಹರಿಸುತ್ತವೆ. ಫ್ಯಾನು ಕೆಡುವ ಭಯ ಇಲ್ಲಿಗೆ ಮುಗಿಯಿತಾದರೂ ಅದರ ಜಾಗಕ್ಕೆ ಪಂಪು ಕೆಡುವ ಭಯ ಬಂದಿದೆ, ಮತ್ತು ಇದು ಹೆಚ್ಚು ಅವಸರದ ಭಯ: ಗಾಳಿಯಿಂದ ತಂಪಾಗುವ ಕೋಣೆಯಲ್ಲಿ ಹವಾನಿಯಂತ್ರಕ ನಿಂತರೆ ನಿಮಿಷಗಳ ಲೆಕ್ಕದಲ್ಲಿ ಸಮಯ ಸಿಗುತ್ತಿತ್ತು, ಸಾವಿರ ವಾಟ್‌ನ ಚಿಪ್ಪಿಗೆ ಅಂಟಿದ ತೆಳುವಾದ ತಣ್ಣನೆಯ ತಟ್ಟೆಯಲ್ಲಿ ನೀರು ನಿಂತರೆ ಸಿಗುವುದು ಸೆಕೆಂಡುಗಳ ಲೆಕ್ಕದಲ್ಲಿ. ಆದ್ದರಿಂದ ಇಂಥ ಕೇಂದ್ರಗಳನ್ನು ಕಟ್ಟುವವರು, ಒಂದು ಕಾಲದಲ್ಲಿ ಯಂತ್ರಕ್ಕಷ್ಟೇ ಮೀಸಲಾಗಿದ್ದ ಯುಪಿಎಸ್ ಅನ್ನು ಈಗ ಪಂಪುಗಳಿಗೂ ಜೋಡಿಸತೊಡಗಿದ್ದಾರೆ.